ಹೊಸ ಕೊಳ: ನೀರು ತಿಳಿಯಾಗಿದ್ದಾಗ ಮೀನು ಸತ್ತವು, ಈಗ ನೀರೇ ಹಸಿರಾಗಿದೆ

ಹಿತ್ತಲಕೊಳ, ಮೈಸೂರು:
ಎಲ್ಲರಿಗೂ ನಮಸ್ಕಾರ. ನಮ್ಮ ಹಿತ್ತಲಿನಲ್ಲಿ 8 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಆಳದ ಸಿಮೆಂಟ್ ಕೊಳವನ್ನು ಕಟ್ಟಿಸಿ, ಒಂದು ವಾರ ಕ್ಯೂರಿಂಗ್ ಮಾಡಿಸಿ, ಬೋರ್‌ವೆಲ್ ನೀರು ತುಂಬಿಸಿ ಇಂದಿಗೆ 22 ದಿನಗಳಾದವು. ತುಂಬಿಸಿದ ಮರುದಿನವೇ 12 ಗೋಲ್ಡ್ ಫಿಶ್ ಬಿಟ್ಟೆವು. ಕೆಂಪು ಮಣ್ಣಿಗೆ ಸಮಪಾಲು ಕೊಟ್ಟಿಗೆ ಗೊಬ್ಬರ ಬೆರೆಸಿ ಮೂರು ಕುಂಡಗಳಲ್ಲಿ ನೈದಿಲೆ ನೆಟ್ಟು ಇಳಿಸಿದೆವು. ಸಣ್ಣ ಪಂಪು ಮತ್ತು ಸ್ಪಂಜಿನ ಫಿಲ್ಟರ್ ಹಗಲುರಾತ್ರಿ ಓಡುತ್ತಿವೆ.

ಮೊದಲ ವಾರ ತಳಕ್ಕೆ ಬಿದ್ದ ನಾಣ್ಯ ಕಾಣುವಷ್ಟು ನೀರು ತಿಳಿಯಾಗಿತ್ತು. ಆದರೆ ಐದು ಮೀನುಗಳು ಸತ್ತದ್ದು ಆಗಲೇ. ಎರಡನೆಯ ವಾರದಲ್ಲಿ ನೀರು ಸೊಪ್ಪು ಬಸಿದ ಕಟ್ಟಿನಂತೆ ಹಸಿರಾಯಿತು. ಕೈಯನ್ನು ಮೊಣಕೈವರೆಗೆ ಇಳಿಸಿದರೆ ಬೆರಳು ಕಾಣುವುದಿಲ್ಲ. ಎರಡು ಬಾರಿ ಪೂರ್ತಿ ನೀರು ಬದಲಿಸಿದರೂ ನಾಲ್ಕೇ ದಿನಕ್ಕೆ ಮತ್ತೆ ಅದೇ ಸ್ಥಿತಿ. ಪಟಿಕ ಹಾಕಬೇಕೋ, ಬ್ಲೀಚಿಂಗ್ ಪೌಡರ್ ಹಾಕಬೇಕೋ, ಅಂಗಡಿಯವರು ಹೇಳುವ ಪಾಚಿನಾಶಕ ತರಬೇಕೋ ತಿಳಿದವರು ಹೇಳಬೇಕಾಗಿ ವಿನಂತಿ.

ಮಲೆನಾಡ ತೋಟ, ತೀರ್ಥಹಳ್ಳಿ:
ಒಂದು ವಾರದ ಕ್ಯೂರಿಂಗ್ ಸಿಮೆಂಟಿಗೆ ಸಾಕು, ಮೀನಿಗೆ ಸಾಲದು. ಹೊಸ ಗಾರೆಯಿಂದ ಸುಣ್ಣದ ಅಂಶ ವಾರಗಟ್ಟಲೆ ನೀರಿಗೆ ಇಳಿಯುತ್ತಲೇ ಇರುತ್ತದೆ. ನಮ್ಮ ಕಡೆ ಹೊಸ ತೊಟ್ಟಿಗೆ ಬಾಳೆ ದಿಂಡು ಕತ್ತರಿಸಿ ಹಾಕಿ ಕೊಳೆಯಲು ಬಿಟ್ಟು, ಆ ನೀರನ್ನು ಚೆಲ್ಲಿ, ತಿಕ್ಕಿ ತೊಳೆದು, ಮತ್ತೆ ತುಂಬಿಸಿ ಚೆಲ್ಲುವ ರೂಢಿ ಇದೆ. ನಾನು ಮೂರು ಸಲ ಹಾಗೆ ಮಾಡಿದ ಮೇಲೆಯೇ ಮೀನು ಬಿಟ್ಟದ್ದು. ಕೊಳೆತ ದಿಂಡಿರುವ ನೀರಿಗೆ ಮಾತ್ರ ಮೀನು ಬಿಡಬೇಡಿ. ಅದು ನೀರಿನ ಆಮ್ಲಜನಕವನ್ನೆಲ್ಲ ತಿಂದುಬಿಡುತ್ತದೆ.

ಜಲಚರ, ಮಂಗಳೂರು:
ಹಿತ್ತಲಕೊಳ ಅವರೇ, ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಒಂದರೊಳಗೊಂದು ಸೇರಿಕೊಂಡಿವೆ. ಮೀನು ಕೊಂದದ್ದು ಹಸಿರು ಪಾಚಿಯಲ್ಲ, ಕಣ್ಣಿಗೆ ಕಾಣದ ಅಮೋನಿಯ ಎಂಬುದು ನನ್ನ ಅನಿಸಿಕೆ. ಮೀನಿನ ಕಿವಿರಿನಿಂದಲೂ, ತಿನ್ನದೆ ಉಳಿದ ಆಹಾರದಿಂದಲೂ ಬರುವ ಅಮೋನಿಯವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಆಗಿಸಿದರೆ, ಇನ್ನೊಂದು ಬಗೆ ಅದನ್ನು ಅಷ್ಟಾಗಿ ಅಪಾಯವಿಲ್ಲದ ನೈಟ್ರೇಟ್ ಆಗಿಸುತ್ತದೆ. ಈ ಎರಡೂ ಬಗೆಯ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಂಜಿನಲ್ಲಿ, ಗೋಡೆಯ ಲೋಳೆಯಲ್ಲಿ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ನೀವು ಮರುದಿನವೇ ಸುಮಾರು 2,700 ಲೀಟರ್ ನೀರಿಗೆ 12 ಮೀನು ಬಿಟ್ಟಿದ್ದೀರಿ.

ಇದಕ್ಕೆ ಸಿಮೆಂಟಿನ ಸುಣ್ಣವೂ ಸೇರಿ ಪಿಎಚ್ (ನೀರಿನ ಆಮ್ಲ-ಕ್ಷಾರ ಗುಣದ ಅಳತೆ; 7 ಸಮ, ಅದಕ್ಕಿಂತ ಹೆಚ್ಚಾದರೆ ಕ್ಷಾರ) ಏರಿದರೆ ಕಷ್ಟ. ನೀರಿನ ಉಷ್ಣತೆ 28 ಡಿಗ್ರಿ ಇದ್ದಾಗ, ಪಿಎಚ್ 7ರಲ್ಲಿ ಒಟ್ಟು ಅಮೋನಿಯದಲ್ಲಿ ವಿಷಕಾರಿ ರೂಪದ್ದು ಶೇಕಡಾ 1ಕ್ಕೂ ಕಡಿಮೆ. ಪಿಎಚ್ 9ಕ್ಕೆ ಏರಿದರೆ ಮೂರನೇ ಒಂದು ಪಾಲಿಗಿಂತ ಹೆಚ್ಚು. ಆದ್ದರಿಂದ ಬೆಳಗ್ಗೆ ಸೂರ್ಯ ಹುಟ್ಟುವ ಮುಂಚೆ ಒಮ್ಮೆ, ಮಧ್ಯಾಹ್ನ ಮೂರು ಗಂಟೆಗೆ ಒಮ್ಮೆ ಪಿಎಚ್ ನೋಡಿ ಬರೆದುಕೊಳ್ಳಿ. ಪಾಚಿಯು ಬಿಸಿಲಿನಲ್ಲಿ ಇಂಗಾಲದ ಡೈಆಕ್ಸೈಡ್ ಹೀರುವುದರಿಂದ ಮಧ್ಯಾಹ್ನ ಪಿಎಚ್ ಏರಿ ರಾತ್ರಿ ಇಳಿಯುತ್ತದೆ. ಮುಂಜಾನೆಯೂ ಇಳಿಯದೆ ನಿಂತಿದ್ದರೆ ಅದು ಗಾರೆಯ ಕೆಲಸ.

ಬ್ಲೀಚಿಂಗ್ ಪೌಡರ್ ಖಂಡಿತ ಬೇಡ, ನೆಲೆಯೂರುತ್ತಿರುವ ಬ್ಯಾಕ್ಟೀರಿಯಾವನ್ನೂ ಅದು ಕೊಲ್ಲುತ್ತದೆ. ಪಟಿಕದ ಮಾತು ಬೇರೆ: ಒಂದು ಗಾಜಿನ ಲೋಟದಲ್ಲಿ ನೀರು ಹಿಡಿದು ರಾತ್ರಿಯಿಡೀ ಅಲುಗಾಡಿಸದೆ ಇಡಿ. ಬೆಳಗ್ಗೆ ತಳದಲ್ಲಿ ಕಂದು ಗಸಿ ಕಟ್ಟಿದ್ದರೆ ಅದು ಮಣ್ಣು, ತಾನಾಗಿಯೇ ಇಳಿಯುತ್ತದೆ. ಲೋಟವೆಲ್ಲ ಒಂದೇ ಸಮನೆ ಹಸಿರಾಗಿ ಉಳಿದಿದ್ದರೆ ತೇಲುವ ಪಾಚಿ. ಅದನ್ನು ಪಟಿಕದಿಂದ ಇಳಿಸಿದರೂ ಆಹಾರ ಅಲ್ಲೇ ಇರುವುದರಿಂದ ಮತ್ತೆ ಹುಟ್ಟುತ್ತದೆ. ಪಾಚಿನಾಶಕ ಹಾಕಿದರಂತೂ ಸತ್ತ ಪಾಚಿ ಕೊಳೆತು, ಮುಂಜಾನೆ ಮೀನುಗಳು ಬಾಯಿ ಮೇಲೆ ಮಾಡಿ ಉಸಿರಿಗಾಗಿ ಒದ್ದಾಡುತ್ತವೆ.

ಬಾಲ್ಕನಿ ತಾವರೆ, ಬೆಂಗಳೂರು:
ಎಲ್ಲರೂ ಮೀನನ್ನೇ ನೋಡುತ್ತಿದ್ದೀರಿ. ನನ್ನ ಕಣ್ಣು ಆ ಕುಂಡಗಳ ಮೇಲಿದೆ. ಅರ್ಧ ಕೊಟ್ಟಿಗೆ ಗೊಬ್ಬರವೆಂದರೆ ನೈದಿಲೆಗಿಂತ ಮೊದಲು ಪಾಚಿಗೇ ಊಟ ಬಡಿಸಿದಂತೆ. ಕುಂಡ ಮೇಲೆತ್ತಿ, ಬೇರು ತೊಳೆದು, ಗೊಬ್ಬರವಿಲ್ಲದ ಜಿಗುಟು ಮಣ್ಣಿನಲ್ಲಿ ನೆಟ್ಟು, ಮೇಲೆ ಎರಡು ಅಂಗುಲ ತೊಳೆದ ದಪ್ಪ ಮರಳು ಹರಡಿ. ನೀರಿನ ಅರ್ಧಕ್ಕೂ ಹೆಚ್ಚು ಮೇಲ್ಮೈಯನ್ನು ಎಲೆ ಮುಚ್ಚಿದರೆ ಪಾಚಿಗೆ ಬಿಸಿಲೂ ಸಿಗುವುದಿಲ್ಲ, ಆಹಾರವೂ ಸಿಗುವುದಿಲ್ಲ. ನೈದಿಲೆ ಹರಡುವವರೆಗೆ ಅಂತರಗಂಗೆಯ ನಾಲ್ಕಾರು ಗಿಡ ತೇಲಿಬಿಡಬಹುದು. ಹೆಚ್ಚಾದದ್ದನ್ನು ಗೊಬ್ಬರದ ಗುಂಡಿಗೆ ಹಾಕಿ, ದಯವಿಟ್ಟು ಯಾವ ಕೆರೆಗೂ ಎಸೆಯಬೇಡಿ. ಇಂಥ ತೇಲುವ ಕಳೆ ಮುಚ್ಚಿಕೊಂಡ ನಮ್ಮ ಬೆಳ್ಳಂದೂರು ಕೆರೆಯನ್ನು ಕಂಡವರಿಗೆ ಕಾರಣ ಹೇಳಬೇಕಾಗಿಲ್ಲ.

ಹಿತ್ತಲಕೊಳ, ಮೈಸೂರು:
ಎಂಟು ವಾರಗಳ ನಂತರ ಬರೆಯುತ್ತಿದ್ದೇನೆ, ತಡವಾದುದಕ್ಕೆ ಕ್ಷಮೆಯಿರಲಿ. ಅಂದು ಪಿಎಚ್ ಮುಂಜಾನೆ 8.9, ಮಧ್ಯಾಹ್ನ 9.4 ಇತ್ತು, ಅಂದರೆ ಗಾರೆಯದು, ಪಾಚಿಯದು ಎರಡೂ ದೋಷಗಳು ನಮ್ಮಲ್ಲಿದ್ದವು. ಉಳಿದ ಏಳು ಮೀನುಗಳನ್ನು ಫಿಲ್ಟರ್ ಸಮೇತ ದೊಡ್ಡ ಟಬ್ಬಿಗೆ ಸಾಗಿಸಿ, ದಿನವೂ ಅದರ ಕಾಲುಭಾಗ ನೀರು ಬದಲಿಸುತ್ತಾ, ಕೊಳವನ್ನು ಮೂರು ಸಲ ತುಂಬಿಸಿ ಐದೈದು ದಿನ ಬಿಟ್ಟು ಚೆಲ್ಲಿದೆವು. ಚೆಲ್ಲಿದ ನೀರು ತೆಂಗಿನ ಬುಡಕ್ಕೆ ಹೋಯಿತು. ಮುಂಜಾನೆಯ ಪಿಎಚ್ 8.1ಕ್ಕೆ ಇಳಿದ ಮೇಲೆ ನಾಲ್ಕು ಮೀನುಗಳನ್ನು ಮಾತ್ರ ಮರಳಿ ಬಿಟ್ಟು, ಮೂರನ್ನು ಪಕ್ಕದ ಮನೆಯವರಿಗೆ ಕೊಟ್ಟೆವು. ನಡುವೆ ಹತ್ತು ದಿನ ನೀರು ಮತ್ತೆ ಹಸಿರಾದಾಗ, ಮನೆಯವರೆಲ್ಲ ಬದಲಿಸಿ ಎಂದರೂ ನಾನು ಕೈ ಕಟ್ಟಿ ಕುಳಿತೆ. ಈಗ ಮೊಣಕೈವರೆಗೆ ಇಳಿಸಿದರೆ ಬೆರಳಿನ ಉಂಗುರ ಕಾಣುತ್ತದೆ. ಗೋಡೆಯ ಮೇಲೆ ಮಾತ್ರ ಹಸಿರು ಲೋಳೆ ಕಟ್ಟಿದೆ, ತಿಕ್ಕಿ ತೆಗೆಯಬೇಕೇ? ನೈದಿಲೆ ಎಲೆಯ ಅಡಿಯಲ್ಲಿ ಗಂಜಿಯ ತೆಳಿಯಂತಹ ಅಂಟಿನೊಳಗೆ ಚುಕ್ಕಿಗಳಿರುವ ಏನೋ ಅಂಟಿಕೊಂಡಿದೆ, ಅದೇನು?

ಜಲಚರ, ಮಂಗಳೂರು:
ಗೋಡೆಯ ಲೋಳೆಯನ್ನು ಮುಟ್ಟಬೇಡಿ, ನಿಮ್ಮ ಬ್ಯಾಕ್ಟೀರಿಯಾದ ಬಹುಪಾಲು ಅಲ್ಲೇ ಇದೆ. ಸ್ಪಂಜನ್ನೂ ನಲ್ಲಿಯ ಕ್ಲೋರಿನ್ ನೀರಿನಲ್ಲಿ ತೊಳೆಯದೆ ಕೊಳದ ನೀರಿನಲ್ಲೇ ಹಿಂಡಿ. ಎಲೆಯಡಿ ಇರುವುದು ಬಸವನಹುಳುವಿನ ಮೊಟ್ಟೆಯಿರಬೇಕು. ಕುಂಡದ ಗಿಡದ ಜೊತೆ ಬಂದಿದೆ. ಇರಲಿ ಬಿಡಿ, ಮರಿಗಳು ಹೊರಬಂದು ಗೋಡೆ ಮೇಯುತ್ತವೆ.