ಸಹಾಯ ಬೇಕು: ಸೆಪ್ಸಿಸ್ ಬಗ್ಗೆ ಕನ್ನಡದಲ್ಲಿ ಬರೆದದ್ದನ್ನು ನೋಡಿಕೊಡುವವರು (ಪುಣೆ)

ಎಲ್ಲರಿಗೂ ನಮಸ್ಕಾರ. ನಾನು ಪುಣೆಯಲ್ಲಿ ಐಸಿಯು ನರ್ಸ್. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಕನ್ನಡದವರು ನಮ್ಮಲ್ಲಿಗೆ ಜಾಸ್ತಿ ಬರುತ್ತಾರೆ. ಬ್ಲಡ್ ಕಲ್ಚರ್‌ನಲ್ಲಿ (ರಕ್ತದಲ್ಲಿ ರೋಗಾಣು ಬೆಳೆಯುತ್ತಾ ಅಂತ ನೋಡುವ ಪರೀಕ್ಷೆ) ಕ್ಯಾಂಡಿಡಾ ಎಂಬ ಶಿಲೀಂಧ್ರ ಬಂದಿದೆ ಅಂದರೆ "ರಕ್ತದಾಗ ಬೂಷ್ಟು ಹೆಂಗ ಬರ್ತದ್ರೀ ಸಿಸ್ಟರ್?" ಅಂತ ಕೇಳುತ್ತಾರೆ. ಅವರಿಗಾಗಿ ಸೆಪ್ಸಿಸ್ ಬಗ್ಗೆ (ಸೋಂಕಿಗೆ ದೇಹದ ಪ್ರತಿಕ್ರಿಯೆ ಹದ ತಪ್ಪಿ ಅಂಗಗಳಿಗೇ ಹಾನಿಯಾಗುವ ಸ್ಥಿತಿ) ಒಂದು ಹಾಳೆ ಬರೆಯುತ್ತಿದ್ದೇನೆ.

ನಮ್ಮ ಬಿಳಿ ರಕ್ತಕಣಗಳ ಮೇಲೆ ರೋಗಾಣು ಗುರುತಿಸುವ ರಿಸೆಪ್ಟರ್‌ಗಳಿವೆ. ಅವುಗಳಲ್ಲಿ ಡೆಕ್ಟಿನ್-1 ಶಿಲೀಂಧ್ರದ ಗೋಡೆಯ ಬೀಟಾ ಗ್ಲೂಕನ್ ಎಂಬ ಸಕ್ಕರೆ ಸರಪಳಿ ಹಿಡಿಯುತ್ತದೆ, ಟಿಎಲ್‌ಆರ್4 (ಟೋಲ್ ತರಹದ ರಿಸೆಪ್ಟರ್ 4) ಕೆಲವು ಬ್ಯಾಕ್ಟೀರಿಯಾಗಳ ಹೊರಪದರದ ಎಲ್‌ಪಿಎಸ್ ಎಂಬ ಕೊಬ್ಬು-ಸಕ್ಕರೆಯ ಅಣು ಗುರುತಿಸಿ ಕಣದೊಳಗೆ ಸುದ್ದಿ ಮುಟ್ಟಿಸುತ್ತದೆ. ಈ ಟಿಎಲ್‌ಆರ್‌ಗೆ ಹೆಸರು ಬಂದದ್ದು ನೊಣದ ಟೋಲ್ ಜೀನ್‌ನಿಂದ; ಆ ಜೀನ್ ಕೆಟ್ಟ ಹಣ್ಣಿನ ನೊಣಗಳು ಶಿಲೀಂಧ್ರ ಸೋಂಕು ತಡೆಯಲಾರದೆ ಸಾಯುತ್ತವೆ ಅಂತ 1996ರಲ್ಲಿ ತೋರಿಸಿದ ತಂಡದ ವಿಜ್ಞಾನಿ ಹಾಫ್‌ಮನ್ ಅವರಿಗೆ 2011ರಲ್ಲಿ ನೊಬೆಲ್ ಕೂಡ ಬಂತು. ಇಲ್ಲಿವರೆಗೆ ಸರಿ.

ಆದರೆ ಕಾಪಾಡುವ ಇದೇ ಸುದ್ದಿ ಮಿತಿಮೀರಿದರೆ ಸೆಪ್ಸಿಸ್‌ನಲ್ಲಿ ಕಿಡ್ನಿ, ಶ್ವಾಸಕೋಶಕ್ಕೆ ಪೆಟ್ಟು ಬೀಳುತ್ತದಲ್ವಾ? ಹಾಗಂತ ಸುಮ್ನೆ ತಡೆದರೂ ಆಗಲ್ಲ. ಟಿಎಲ್‌ಆರ್4 ತಡೆಯುವ ಎರಿಟೋರಾನ್ ಔಷಧಿ ಸೆಪ್ಸಿಸ್ ರೋಗಿಗಳ ಮೇಲಿನ ದೊಡ್ಡ ಪ್ರಯೋಗದಲ್ಲಿ ಸಾವು ಕಡಿಮೆ ಮಾಡಲಿಲ್ಲ. ಗಾಬರಿಯಲ್ಲಿರುವ ಮನೆಯವರಿಗೆ ಇದನ್ನು ಹೇಗೆ ಹೇಳೋದು? ಇಮ್ಯುನಾಲಜಿ ಓದಿದ ಕನ್ನಡದವರು ಪುಣೆ, ಪಿಂಪ್ರಿ-ಚಿಂಚವಾಡದಲ್ಲಿ ಇದ್ದರೆ ದಯವಿಟ್ಟು ಮೆಸೇಜ್ ಮಾಡಿ, ಹಾಳೆ ಕಳಿಸುತ್ತೇನೆ. ಚಿತ್ರ ಬರೆಯುವವರೂ ಬೇಕು.