ಪದಚರ್ಚೆ: ಯಕ್ಷಿ ಬಂದಳೋ, ಬಂದಿತೋ?

ಬಳಗದ ಬಲ್ಲವರಲ್ಲಿ ಒಂದು ಪ್ರಶ್ನೆ. ಮಲಯಾಳದಲ್ಲಿ ‘ಮಾಂತ್ರಿಕ ನೋವಲ್’ ಎಂಬ ಜಾತಿಯ ಕಾದಂಬರಿಗಳಿವೆ. ಪಾಳುಬಿದ್ದ ತರವಾಡು ಮನೆ (ಕುಟುಂಬದ ಮೂಲಮನೆ), ಒಬ್ಬ ಮಂತ್ರವಾದಿ, ಒಬ್ಬಳು ಯಕ್ಷಿ (ಚೆಲುವೆಯ ರೂಪದಲ್ಲಿ ಗಂಡಸರನ್ನು ಮರುಳು ಮಾಡುವ ಪಿಶಾಚಿ), ನಡುವೆ ಒಂದು ಕೊಲೆ. ವಾರಪತ್ರಿಕೆಗಳಲ್ಲಿ ರೇಖಾಚಿತ್ರಗಳ ಸಹಿತ ಧಾರಾವಾಹಿಯಾಗಿ ಬರುತ್ತಿದ್ದವು. ಅಂಥದ್ದೊಂದರ ಹಾಳೆಗಳನ್ನು ಯಾರೋ ಕತ್ತರಿಸಿ ಬೈಂಡು ಮಾಡಿಸಿದ ಪ್ರತಿ ಕಾಸರಗೋಡಿನ ಬದಿಯಡ್ಕದ ನೆಂಟರ ಮನೆಯಲ್ಲಿ ಸಿಕ್ಕಿತು. ಮಲಯಾಳ ಓದಲು ಬಾರದ ಅತ್ತೆಗೆ ಅದನ್ನು ಕನ್ನಡದಲ್ಲಿ ಹೇಳುತ್ತಾ ಹೋಗುತ್ತಿದ್ದೇನೆ.

ತೊಡಕೆಲ್ಲ ಈ ಮೂರು ವಾಕ್ಯಗಳಿಂದ ಶುರುವಾಯಿತು: ‘ಒರು ರೂಪಂ ವನ್ನು. ಕೈ ನೀಟ್ಟಿ. ಚುಣ್ಣಾಂಬು ಚೋದಿಚ್ಚು.’ ಒಂದು ರೂಪ ಬಂತು, ಕೈ ಚಾಚಿ ಸುಣ್ಣ ಕೇಳಿತು ಎಂದು ಅರ್ಥ. ದಾರಿಹೋಕ ಗಂಡಸರ ಬಳಿ ಸುಣ್ಣ ಕೇಳುವುದು ಯಕ್ಷಿಯ ಹಳೆಯ ಚಾಳಿ. ಎದುರು ಪುಟದ ಚಿತ್ರದಲ್ಲಿ ಏಳೇಳು ಎಲೆಯ ಗೊಂಚಲುಗಳ ಪಾಲೆ ಮರ, ಯಕ್ಷಿಯ ಬೀಡೆಂದು ನಂಬಿಕೆ. ಅದರ ಕೆಳಗೆ ಬೆನ್ನು ತಿರುಗಿಸಿ ನಿಂತ ಬಿಳಿಯುಡುಗೆಯ ಆಕೃತಿ, ಮೊಣಕಾಲಿನವರೆಗೆ ಬಿಚ್ಚಿದ ಕೂದಲು. (ತುಳುನಾಡಿನ ಆಟಿ ತಿಂಗಳ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ ಹೋಗಿ, ಕಲ್ಲಿನಿಂದ ಜಜ್ಜಿ ತೊಗಟೆ ತೆಗೆದು ನಾವು ಕಷಾಯ ಕುಡಿಯುವುದೂ ಇದೇ ಮರದ್ದು. ಯಕ್ಷಿಯ ಮನೆಯ ಗೋಡೆ ಕೆತ್ತಿ ಕುಡಿಯುತ್ತೇವೆಂದು ಅತ್ತೆಗೆ ಈಗಷ್ಟೇ ಗೊತ್ತಾಯಿತು.)

ಚಿತ್ರ ನೋಡಿದವರು ಹೆಂಗಸೆಂದೇ ತಿಳಿಯಬೇಕು. ಆದರೆ ಅದು ವೇಷ ಹಾಕಿದ ಕಾರ್ಯಸ್ಥನೂ ಆಗಿರಬಹುದೆಂಬ ಅನುಮಾನ ಕೊನೆಯ ಕಂತುಗಳಲ್ಲಿ ಏಳುತ್ತದೆ. ಮಲಯಾಳದ ಲೇಖಕನಿಗೆ ಇದರಲ್ಲಿ ಕಷ್ಟವೇನೂ ಇಲ್ಲ. ಹಳೆಯ ಕಾವ್ಯಭಾಷೆಯಲ್ಲಿದ್ದ ‘ವನ್ನಾನ್’, ‘ವನ್ನಾಳ್’ ರೂಪಗಳು ಬಿದ್ದುಹೋಗಿ, ಗಂಡು, ಹೆಣ್ಣು, ನಾಯಿ, ನೆರಳು ಯಾವುದು ಬಂದರೂ ಈಗ ‘ವನ್ನು’ ಒಂದೇ. ಕನ್ನಡದ ಕ್ರಿಯಾಪದವೋ ಬಾಲದಲ್ಲೇ ಗುಟ್ಟು ಬಿಟ್ಟುಕೊಡುತ್ತದೆ. ‘ಬಂದಳು’ ಎಂದರೆ ನಿರೂಪಕನೇ ಸುಳ್ಳು ಹೇಳಿದಂತೆ. ‘ಬಂದನು’ ಎಂದರೆ ಕಾದಂಬರಿ ಅಲ್ಲಿಗೇ ಮುಗಿಯಿತು. ಪತ್ತೇದಾರಿ ಕಥೆಯಲ್ಲಿ ಚಿತ್ರ ಕಣ್ಣುಕಟ್ಟು ಮಾಡಿದರೆ ಒಪ್ಪಬಹುದು, ನಿರೂಪಕನ ವಾಕ್ಯ ಸುಳ್ಳಾಗಬಾರದು ಎಂಬುದು ನನ್ನ ಹಟ.

ಯಕ್ಷಗಾನದ ಸ್ತ್ರೀವೇಷವನ್ನು ‘ದ್ರೌಪದಿ ಬಂದಳು’ ಎನ್ನುವುದಿಲ್ಲವೇ, ಗಡ್ಡ ಬೋಳಿಸಿದ ಗಂಡಸೆಂದು ಗೊತ್ತಿದ್ದೂ, ಎಂದು ಕುಂಬಳೆಯ ಗೆಳೆಯರೊಬ್ಬರು ವಾದಿಸಿದರು. ಒಳ್ಳೆಯ ವಾದವೇ. ಆದರೆ ಆಟದಲ್ಲಿ ವೇಷವೆಂಬುದು ನೋಡುವವರಿಗೆಲ್ಲ ಮೊದಲೇ ಗೊತ್ತು. ಇಲ್ಲಿ, ಕಂಡವನು ತನ್ನ ಬಾಯಿಂದ ಹೇಳುವಾಗ ‘ಬಂದಳು’ ಇರಲಿ. ನಿರೂಪಕನ ಬಾಯಲ್ಲಿ ಬೇಡ.

ಹಾಗಾದರೆ ‘ಬಂದಿತು’. ಗ್ರಂಥಸ್ಥ ಕನ್ನಡಕ್ಕೆ ಇದು ಸಾಕು. ನಮ್ಮ ಹವ್ಯಕರ ಮನೆಯಲ್ಲಿ ಸಾಲದು! ಹವ್ಯಕ ಮಾತಿನಲ್ಲಿ ಹೆಂಗಸರಿಗೂ ನಪುಂಸಕವೇ: ಅಬ್ಬೆ ಬಂತು, ಅಕ್ಕ ಬಂತು. ಮನೆಯ ಹಿರಿಯರಿಗೂ ಹೀಗೆಯೇ ಹೇಳುವುದರಿಂದ ಅದರಲ್ಲಿ ಅಗೌರವದ ಮಾತೇ ಇಲ್ಲ. ನಾನು ಜಾಣತನದಿಂದ ‘ಬಂತು’ ಎಂದ ಕೂಡಲೇ ಅತ್ತೆ ‘ಹೆಂಗಸೇ ಸರಿ’ ಎಂದು ತೀರ್ಮಾನಿಸಿಬಿಟ್ಟರು. ಬಚ್ಚಿಡಲು ಹುಡುಕಿದ ಪ್ರತ್ಯಯವೇ ಇಲ್ಲಿ ಬೆರಳು ಮಾಡಿ ತೋರಿಸುತ್ತದೆ.

ಕರ್ತೃವನ್ನೇ ಅಂಗಾಂಗಗಳಿಗೆ ಹಂಚಿ ನೋಡಿದೆ: ‘ಕೈಯೊಂದು ಮುಂದೆ ಬಂತು. ಸುಣ್ಣ ಇದೆಯೇ ಎಂಬ ದನಿ ಕೇಳಿಸಿತು.’ ಒಂದು ಪುಟಕ್ಕೆ ಇದು ಸೊಗಸು, ಭಯವೂ ಹೆಚ್ಚುತ್ತದೆ. ಹತ್ತಾರು ಕಂತು ಹೀಗೆಯೇ ಎಳೆದರೆ ಆಸ್ಪತ್ರೆಯ ವರದಿ ಓದಿದಂತಾಗುತ್ತದೆ.

ನಾಮಪದದ ಮಾತೂ ಒಂದಿಷ್ಟಿದೆ. ‘ಭೂತ’ ಎಂದುಬಿಡಿ ಎಂದವರಿದ್ದಾರೆ. ಅವರು ಘಟ್ಟದ ಮೇಲಿನವರು. ಭೂತವನ್ನು ದೈವವೆಂದು ನಂಬಿ ಕೋಲ, ತಂಬಿಲ ಎಂಬ ಸೇವೆಗಳನ್ನು ಕಟ್ಟಿಕೊಂಡು ಬಂದವರ ಎದುರು ಸುಣ್ಣ ಬೇಡುವ ಮೋಸಗಾರ ಆಕೃತಿಗೆ ಆ ಹೆಸರು ಇಡಲು ನನಗೆ ಬಾಯಿ ಬಾರದು. ತುಳುವಿನ ‘ಕುಲೆ’ ಚೆನ್ನಾದ ಪದ. ಆದರೆ ಕುಲೆ ಎಂದರೆ ಸತ್ತವರ ಜೀವ, ಮನೆಯವರು ಎಲೆ ಹಾಕಿ ಬಡಿಸುವಂಥದ್ದು. ಹಾಗೆ ಕರೆದ ಕ್ಷಣವೇ ಮನೆಯಲ್ಲಿ ಯಾರೋ ಸತ್ತಿದ್ದಾರೆಂದು ಹೇಳಿದ ಹಾಗಾಯಿತು. ‘ದೆವ್ವ’ ಎಂದರೆ ಚೆಲುವು ಹೋಯಿತು. ಕನ್ನಡದಲ್ಲಿ ‘ಯಕ್ಷಿ’ ಎಂದರೆ ಬಸದಿಯ ಪದ್ಮಾವತಿ, ಜ್ವಾಲಾಮಾಲಿನಿಯರ ನೆನಪಾಗುತ್ತದೆ. ಆದರೂ ಕಾಸರಗೋಡಿನ ಓದುಗರಿಗೆ ಮಲಯಾಳದ ಯಕ್ಷಿಯೂ ಗೊತ್ತಿರುವುದರಿಂದ ಕಂಡವರ ಬಾಯಲ್ಲಿ ಅದನ್ನೇ ಉಳಿಸಿದ್ದೇನೆ. ನಿರೂಪಕ ಮಾತ್ರ ‘ರೂಪ’ ಎನ್ನುತ್ತಾನೆ.

ತಿಳಿಯಬೇಕಾದದ್ದು ಎರಡು. ಯಾರೆಂದು ಬಿಟ್ಟುಕೊಡದ ಪಾತ್ರವನ್ನು ಇಡೀ ಕಾದಂಬರಿಯುದ್ದಕ್ಕೂ ಲಿಂಗ ತೋರದ ಕ್ರಿಯಾರೂಪಗಳಲ್ಲಿ ನಡೆಸಿದ ಕನ್ನಡ ಕಥೆ ಯಾರಾದರೂ ಓದಿದ್ದೀರಾ? ‘ಬಂದದ್ದು’, ‘ನಿಂತಿದ್ದದ್ದು’ ಎಂಬ ಕೃದಂತಗಳನ್ನು (ಕ್ರಿಯಾಪದದಿಂದ ಹುಟ್ಟಿದ ನಾಮರೂಪಗಳನ್ನು) ಎಷ್ಟು ದೂರ ಎಳೆಯಬಹುದು? ಎರಡನೆಯದು ಮೈಸೂರು, ಧಾರವಾಡ ಕಡೆಯವರಿಗೆ: ಮನುಷ್ಯಾಕೃತಿಗೆ ‘ಅದು ಬಂದಿತು’ ಎಂದು ಓದಿದಾಗ ನಿಮ್ಮ ಕಿವಿಗೆ ಮೊದಲು ತಟ್ಟುವುದು ಭಯವೋ, ತಾತ್ಸಾರವೋ?