ಗ್ಲಾಕೋಮಾ ಇರುವವರು ಕನ್ನಡಕಕ್ಕೆಂದು ಬಂದಾಗ ನಾವು ಏನು ಮಾಡಬಹುದು?

ಪ್ರಶ್ನೆ, ತಿಪಟೂರಿನಿಂದ:
ಆಪ್ಟೋಮೆಟ್ರಿ ಓದಿ ಕನ್ನಡಕದ ಅಂಗಡಿಯೊಂದರಲ್ಲಿ ಕಣ್ಣು ಪರೀಕ್ಷೆ ಮಾಡುತ್ತಿದ್ದೇನೆ. ಗ್ಲಾಕೋಮಾಕ್ಕೆ (ಹೆಚ್ಚಾಗಿ ಕಣ್ಣೊಳಗಿನ ಒತ್ತಡದಿಂದ ಕಣ್ಣಿನ ನರ ಸವೆದು ದೃಷ್ಟಿ ಕುಗ್ಗುವ ಕಾಯಿಲೆ) ಔಷಧ ಹಾಕಿಕೊಳ್ಳುತ್ತಿರುವ ಹಿರಿಯರು ಆಗಾಗ ಬರುತ್ತಾರೆ. ಚಿಕಿತ್ಸೆ ನನ್ನ ಕೆಲಸವಲ್ಲ. ‘ಡಾಕ್ಟರಿಗೆ ತೋರಿಸುತ್ತಿರಿ’ ಎಂದು ಕಳುಹಿಸಿದರೆ ಸಾಕೇ?

ಹುಬ್ಬಳ್ಳಿಯ ಆಪ್ಟೋಮೆಟ್ರಿಸ್ಟ್:
ಸಾಲದು. ಆಸ್ಪತ್ರೆಯ ನೂಕುನುಗ್ಗಲಿನಲ್ಲಿ ವೈದ್ಯರಿಗೆ ಸಿಗದ ಸಮಯ ನಮಗೆ ಸಿಗುತ್ತದೆ. ‘ಹನಿ ಹಾಕುತ್ತೀರಾ?’ ಎಂದು ಕೇಳಬೇಡಿ, ಎಲ್ಲರೂ ಹೌದೆನ್ನುತ್ತಾರೆ. ಕೃತಕ ಕಣ್ಣೀರಿನ ಬಾಟಲಿ ಕೊಟ್ಟು ಹಾಕಿ ತೋರಿಸಲು ಹೇಳಿ. ಒಬ್ಬರದು ಕೆನ್ನೆಗೆ ಬೀಳುತ್ತದೆ, ಇನ್ನೊಬ್ಬರು ಬಾಟಲಿಯ ತುದಿಯನ್ನು ರೆಪ್ಪೆಗೆ ಒತ್ತುತ್ತಾರೆ, ಮತ್ತೊಬ್ಬರು ಧಾರಾಳವಾಗಿ ಮೂರು ಹನಿ ಸುರಿಯುತ್ತಾರೆ. ಒಂದು ಹನಿ ಸಾಕು. ಹೆಚ್ಚಿನದನ್ನು ಕಣ್ಣು ಹಿಡಿದಿಡುವುದಿಲ್ಲ. ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿದರೆ ಔಷಧ ಗಂಟಲಿಗೆ ಇಳಿಯುವುದು ಕಡಿಮೆಯಾಗುತ್ತದೆ. ಎರಡು ಔಷಧಗಳಿದ್ದರೆ ನಡುವೆ ಐದು ನಿಮಿಷ ಬಿಡಲಿ. ಕೈ ನಡುಗುವವರು ಮಲಗಿಕೊಂಡು ಹಾಕಿಕೊಳ್ಳಲಿ.

ಬಾಟಲಿಯ ಮೇಲಿನ ಹೆಸರನ್ನೂ ಓದಿ. ಟಿಮೊಲಾಲ್ (ಕಣ್ಣಿನ ಒತ್ತಡ ಇಳಿಸುವ ಒಂದು ಔಷಧ) ಇದ್ದರೆ ಉಬ್ಬಸ ಇದೆಯೇ, ನಾಡಿ ನಿಧಾನವೇ ಎಂದು ವಿಚಾರಿಸಿ. ಕಣ್ಣಿನ ಹನಿಯಿಂದ ಉಸಿರು ಕಟ್ಟಬಹುದು ಎಂದು ಯಾವ ರೋಗಿಗೆ ತಾನೇ ಹೊಳೆಯುತ್ತದೆ? ಇದೆ ಎಂದರೆ ವೈದ್ಯರಿಗೆ ಚೀಟಿ ಬರೆದು ಕಳುಹಿಸಿ. ನೀವೇ ಔಷಧ ನಿಲ್ಲಿಸಬೇಡಿ.

ಶಿವಮೊಗ್ಗದಿಂದ, ನಾನೇ ರೋಗಿ:
ಪೊರೆಯ ಶಸ್ತ್ರಚಿಕಿತ್ಸೆಯಾದ ಪಕ್ಕದ ಮನೆಯವರಿಗೆ ಲೋಕವೆಲ್ಲ ಬೆಳಗಿತು. ನನಗೆ ವರ್ಷಗಟ್ಟಲೆ ಹನಿ ಹಾಕಿದರೂ ಬಂದದ್ದು ಕೆಂಪು ಕಣ್ಣು ಮತ್ತು ಉದ್ದನೆಯ ರೆಪ್ಪೆಗೂದಲು! ಹೋದ ದೃಷ್ಟಿ ಮರಳುವುದಿಲ್ಲ, ಹನಿ ಇರುವುದು ಉಳಿದದ್ದನ್ನು ಕಾಯಲು ಎಂದು ಯಾರಾದರೂ ಬಿಡಿಸಿ ಹೇಳಬೇಕು. ಒಬ್ಬ ಆಪ್ಟೋಮೆಟ್ರಿಸ್ಟ್ ನನ್ನ ಹಳೆಯ, ಹೊಸ ಫೀಲ್ಡ್ ಪರೀಕ್ಷೆಯ (ಸುತ್ತ ಎಷ್ಟು ಕಾಣುತ್ತದೆ ಎಂದು ಅಳೆಯುವುದು, ಕಾಣದ ಜಾಗ ಕಪ್ಪಾಗಿ ಬರುತ್ತದೆ) ಕಾಗದಗಳನ್ನು ಪಕ್ಕಪಕ್ಕ ಇಟ್ಟು, ‘ಕಪ್ಪು ಹರಡಿಲ್ಲ ನೋಡಿ, ಇದೇ ಔಷಧದ ಗುಣ’ ಎಂದರು. ಅಷ್ಟು ಸಾಕಾಯಿತು. ಕಾಗದಗಳನ್ನು ಎಸೆಯಬೇಡಿ ಎಂದು ಎಲ್ಲರಿಗೂ ಹೇಳಿ.

ಬೆಂಗಳೂರಿನಿಂದ, ಅಮ್ಮನನ್ನು ನೋಡಿಕೊಳ್ಳುವವಳು:
ಬಾಟಲಿ ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆಯಲು ಹೇಳಿಕೊಡಿ. ಸಾಮಾನ್ಯವಾಗಿ ತೆರೆದ ತಿಂಗಳೊಳಗೆ ಬದಲಿಸಬೇಕು.

ಮಂಗಳೂರಿನ ಆಪ್ಟೋಮೆಟ್ರಿಸ್ಟ್:
‘ಪ್ರೆಶರ್ ನಾರ್ಮಲ್, ಚಿಂತೆ ಬೇಡ’ ಎಂಬ ಸಮಾಧಾನ ಅಪಾಯಕಾರಿ. ಕಣ್ಣಿನ ಒತ್ತಡ ಸಾಮಾನ್ಯವೆನ್ನುವ ಮಿತಿಯಾದ 21 mmHgಗಿಂತ ಕಡಿಮೆ ಇದ್ದೂ ಕಣ್ಣಿನ ನರ ಸವೆಯುವವರಿದ್ದಾರೆ. ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ತೆಳುವಾಗಿದ್ದರೆ ಯಂತ್ರ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ನವೆಗೆಂದು ಔಷಧದ ಅಂಗಡಿಯಿಂದ ಸ್ಟಿರಾಯ್ಡ್ ಹನಿ ತಂದು ಹಾಕುತ್ತಿದ್ದಾರೆಯೇ ಎಂದೂ ಕೇಳಿ, ಅದು ಒತ್ತಡ ಏರಿಸಬಲ್ಲದು. ಅವರ ಒಡಹುಟ್ಟಿದವರನ್ನೂ ಮಕ್ಕಳನ್ನೂ ತಪಾಸಣೆಗೆ ಕರೆಸಿ.

ಕನ್ನಡಕವಂತೂ ನಮ್ಮದೇ ಕ್ಷೇತ್ರ. ಕೆಳಭಾಗದ ದೃಷ್ಟಿ ಹೋದವರಿಗೆ ಬೈಫೋಕಲ್ (ಕೆಳಭಾಗದಲ್ಲಿ ಓದುವ ಪವರ್ ಇರುವ ಕನ್ನಡಕ) ಕೊಟ್ಟರೆ ಮೆಟ್ಟಿಲು ಇಳಿಯುವಾಗ ಎಡವುತ್ತಾರೆ. ಓದಲು ಒಂದು, ಓಡಾಡಲು ಒಂದು ಕೊಡಿ. ಗಿರಾಕಿ ಎರಡಕ್ಕೆ ದುಡ್ಡು ಹೆಚ್ಚೆಂದು ಗೊಣಗಬಹುದು, ಗೊಣಗಲಿ.

ತಿಪಟೂರಿನಿಂದ ಮತ್ತೆ:
ಒಮ್ಮೆಲೇ ಕಣ್ಣು ನೋವು, ಕೆಂಪು, ದೀಪದ ಸುತ್ತ ಬಣ್ಣದ ಬಳೆ, ವಾಂತಿ ಎಂದು ಬಂದರೆ?

ಹುಬ್ಬಳ್ಳಿಯ ಆಪ್ಟೋಮೆಟ್ರಿಸ್ಟ್:
ಕಣ್ಣಿನ ಒತ್ತಡ ಹಠಾತ್ತನೆ ಏರಿರಬಹುದು, ಕನ್ನಡಕದ ಮಾತೇ ಬೇಡ. ಪಾಪೆ ಹಿಗ್ಗಿಸುವ ಹನಿಯನ್ನೂ ಹಾಕಬೇಡಿ. ವಾಂತಿ ನೋಡಿ ಪಿತ್ತವೆಂದು ಮನೆಗೆ ಕಳುಹಿಸುವವರಿದ್ದಾರೆ. ಅದೇ ಗಳಿಗೆಯಲ್ಲಿ ಕಣ್ಣಿನ ಆಸ್ಪತ್ರೆಗೆ ಫೋನ್ ಮಾಡಿ, ಜೊತೆಗೊಬ್ಬರನ್ನು ಮಾಡಿ ಕಳುಹಿಸಿ.